ಎರಡು ಸೀರೆಯಷ್ಟು ಕೂದಲು, ಒಂದು ಕರ್ಚೀಫಿನಷ್ಟು ಜಡೆ

ದಾವಣಗೆರೆಗೆ ಮದುವೆ ಜವಳಿ ತೆಗೆಯಲು ಹೋದವರಿಗೆ ಈ ವಾಸನೆ ಗೊತ್ತಿರುತ್ತದೆ. "ಇದು ಅಪ್ಪಟ ರೇಷ್ಮೇನಾ?" ಅಂತ ಅನುಮಾನ ಪಟ್ಟರೆ, ಹಳೆ ಕಾಲದ ಅಂಗಡಿಯವರು ಸೆರಗಿನ ತುದಿಯಿಂದ ಒಂದೆಳೆ ಕಿತ್ತು ಕಡ್ಡಿ ಗೀರುತ್ತಾರೆ. ಎಳೆ ಚುರ್ರೆಂದು ಮುದುಡಿ ಕರಿ ಮಣಿಯಾಗುತ್ತದೆ. "ಮೂಸಿ ನೋಡ್ರಿ ಅಕ್ಕಾ" ಅನ್ನುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಇಲ್ಲವೇ ರೇಯಾನ್. ಎಳೆ ಕರಗಿ ತೊಟ್ಟಿಕ್ಕಿದರೆ ಪಾಲಿಯೆಸ್ಟರ್. ಆಗ ಎದ್ದು ಬರುವುದು ಒಳ್ಳೆಯದು.

ಹೋದ ವರ್ಷ ಹೀಗೆ ಜವಳಿಗೆ ಹೋದಾಗ ಅಕ್ಕನ ಮಗಳೂ ಜತೆಗಿದ್ದಳು. ಎರಡಡಿ ಉದ್ದದ ದಟ್ಟ ಕೂದಲು ಅವಳದು. ಚಿತ್ರದುರ್ಗದ ಕಾಲೇಜೊಂದರ ಕಾರ್ಯಕ್ರಮಕ್ಕೆ ಬೆಂಕಿ ಕುಣಿತ ಕಲಿಯುತ್ತಿದ್ದಳು. ಎರಡು ಸರಪಳಿ, ಅವುಗಳ ತುದಿಗೆ ಉರಿಯುವ ಉಂಡೆ, ಅದನ್ನು ಎರಡೂ ಕೈಯಲ್ಲಿ ಬೀಸುತ್ತಾ ಕುಣಿಯುವುದು. ಇದಕ್ಕೆ ಪೊಯ್ ಅನ್ನುತ್ತಾರೆ. ನ್ಯೂಜಿಲೆಂಡಿನ ಮಾವೊರಿ ಜನರ ಭಾಷೆಯ ಪದ. ಅವರ ಮೂಲ ಕುಣಿತದಲ್ಲಿ ಬೆಂಕಿ ಇರಲಿಲ್ಲ, ಹಗ್ಗದ ತುದಿಗೆ ಮೆತ್ತನೆ ಉಂಡೆ ಅಷ್ಟೇ. ಸಮೋವಾ ದ್ವೀಪದ ಕತ್ತಿ ಕುಣಿತಕ್ಕೂ ಬೆಂಕಿ ಸೇರಿದ್ದು ತೀರಾ ಈಚೆಗೆ, 1946ರಲ್ಲಿ. ಫ್ರೆಡ್ಡಿ ಲೆಟುಲಿ ಎಂಬ ಸಮೋವಾದ ಕಲಾವಿದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕತ್ತಿಯ ತುದಿಗೆ ಬಟ್ಟೆ ಸುತ್ತಿ ಹಚ್ಚಿದ. ಬೆಂಕಿ ನುಂಗುವ ಹಿಂದೂ ಒಬ್ಬನನ್ನು ನೋಡಿ ಅವನಿಗೆ ಅದು ಹೊಳೆಯಿತಂತೆ. ನಮ್ಮ ಜಾತ್ರೆಗಳಲ್ಲಿ ಪಂಜು, ದೀವಟಿಗೆ ಹಿಡಿದು ಕುಣಿದವರಿಗೆ ಇದೆಲ್ಲ ಏನು ಹೊಸದು ಬಿಡಿ.

ಅವಳ ಪ್ರಶ್ನೆ ಒಂದೇ. "ಚಿಕ್ಕಮ್ಮ, ಕೂದಲು ಬಿಟ್ಕೊಂಡು ಕುಣಿದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ?" ಚೆನ್ನಾಗೇನೋ ಇರುತ್ತದೆ. ಎಷ್ಟು ಹೊತ್ತು ಅನ್ನುವುದು ಬೇರೆ ಮಾತು.

ಮೊದಲು ಕೂದಲ ಪರವಾಗಿ ಒಂದು ಮಾತು ಹೇಳಬೇಕು. ಬಾಚಣಿಗೆಯಲ್ಲಿ ಸಿಕ್ಕ ಒಂದೆಳೆಯನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ದೀಪದ ಹತ್ತಿರ ತನ್ನಿ. ಉರಿ ತಾಗುವ ಮುಂಚೆಯೇ ಎಳೆ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ತುದಿಯಲ್ಲಿ ಕರಿಗುಂಡು ಕಟ್ಟುತ್ತದೆ. ದೀಪದಿಂದ ಆಚೆ ತೆಗೆದರೆ ಸಾಮಾನ್ಯವಾಗಿ ತಾನೇ ಆರಿಬಿಡುತ್ತದೆ. ಹತ್ತಿಯ ದಾರ ಹಾಗಲ್ಲ, ಹೊತ್ತಿಕೊಂಡರೆ ಕೊನೆಯವರೆಗೂ ಉರಿಯುತ್ತದೆ.

ಕಾರಣ ಇದು. ಕೂದಲು ಕೆರಾಟಿನ್ ಎಂಬ ಪ್ರೋಟೀನು. ಅದರಲ್ಲಿ ಸಾರಜನಕ ಧಾರಾಳ, ಗಂಧಕವೂ ನೂರಕ್ಕೆ ಸುಮಾರು 5 ಪಾಲು ಇದೆ. ಸುಟ್ಟ ಕೂದಲಿನ ಆ ಮೂಗು ಮುರಿಯುವ ವಾಸನೆಗೆ ಈ ಗಂಧಕವೇ ದೊಡ್ಡ ಕಾರಣ. ಕುರಿ ಉಣ್ಣೆಯೂ ಕೆರಾಟಿನ್ನೇ. ಉಣ್ಣೆ ಬಟ್ಟೆ ಉರಿಯುತ್ತಲೇ ಇರಬೇಕಾದರೆ ಸುತ್ತಲಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 25 ಇರಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಇರುವುದು 21. ಹತ್ತಿಗೆ 18 ಸಾಕು. ಅಂದರೆ ಈ ಲೆಕ್ಕದಲ್ಲಿ ಹತ್ತಿಗೆ ನಮ್ಮ ಗಾಳಿ ಹೆಚ್ಚೇ ಆಯಿತು, ಉಣ್ಣೆಗೆ ಕಡಿಮೆ ಬಿತ್ತು.

ಹಾಗಿದ್ದರೆ ಹಬ್ಬದ ದಿನ ದೀಪಕ್ಕೆ ಬಗ್ಗಿದವರ ಕೂದಲು ಭಗ್ ಅನ್ನುವುದು ಯಾಕೆ?

ಆ 25ರ ಲೆಕ್ಕ ತೆಗೆಯುವುದು ಮೇಣದಬತ್ತಿಯ ರೀತಿಯಲ್ಲಿ. ಮೇಲಿನ ತುದಿಗೆ ಬೆಂಕಿ ಹಚ್ಚಿ, ಅದು ಕೆಳಗಿಳಿಯುತ್ತದೋ ಇಲ್ಲವೋ ನೋಡುತ್ತಾರೆ. ಬೆಂಕಿಗೆ ಕೆಳಗಿಳಿಯುವುದು ಕಷ್ಟ, ಮೇಲೇರುವುದು ಸಲೀಸು. ಗೀರಿದ ಕಡ್ಡಿಯನ್ನು ತಲೆ ಮೇಲೆ ಮಾಡಿ ಹಿಡಿದರೆ ನಿಧಾನ ಉರಿಯುತ್ತದೆ. ತಲೆಕೆಳಗೆ ಮಾಡಿದರೆ ನಿಮಿಷದೊಳಗೆ ಬೆರಳು ಸುಡುತ್ತದೆ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತಾ, ಇನ್ನೂ ಹೊತ್ತದ ಭಾಗವನ್ನು ಮುಂಚೆಯೇ ಕಾಯಿಸಿಡುತ್ತದಲ್ಲ, ಅದಕ್ಕೆ. ಈಗ ಬಿಟ್ಟ ಕೂದಲನ್ನು ನೆನೆಸಿಕೊಳ್ಳಿ. ತುದಿ ಕೆಳಗೆ, ತಲೆ ಮೇಲೆ. ತಲೆಕೆಳಗೆ ಹಿಡಿದ ಲಕ್ಷ ಕಡ್ಡಿ!

ಎರಡನೆಯದು ಗಾಳಿ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಇಲ್ಲೇ. ಒಂದು ಕೂದಲೆಳೆಯ ದಪ್ಪ ಮಿಲಿಮೀಟರಿನ ನೂರರಲ್ಲಿ ಏಳು ಭಾಗ ಅಂತ ಇಟ್ಟುಕೊಳ್ಳೋಣ. ತಲೆಯಲ್ಲಿ ಸುಮಾರು ಒಂದು ಲಕ್ಷ ಎಳೆ. ಎಲ್ಲವೂ ಎರಡಡಿ, ಅಂದರೆ 60 ಸೆಂಟಿಮೀಟರ್ ಇವೆ ಅಂದುಕೊಳ್ಳಿ. ಎಲ್ಲ ಎಳೆಗಳ ಹೊರಮೈ ಕೂಡಿದರೆ 13 ಚದರ ಮೀಟರ್ ಬರುತ್ತದೆ. ಐದೂವರೆ ಮೀಟರಿನ ಎರಡು ಸೀರೆ ಬಿಚ್ಚಿ ಹಾಸಿದಷ್ಟು. ಅದೇ ಕೂದಲನ್ನು ಬಿಗಿಯಾಗಿ ಹೆಣೆದು ನಾಲ್ಕು ಸೆಂಟಿಮೀಟರ್ ದಪ್ಪದ ಜಡೆ ಮಾಡಿ. ಹೊರಗಿನ ಗಾಳಿಗೆ ತೆರೆದ ಮೈ ಎಷ್ಟು? ಒಂದು ಕರ್ಚೀಫಿನಷ್ಟು. ಲೆಕ್ಕ ಹಾಕಿದ ಮೇಲೆ ನನಗೇ ನಂಬಿಕೆ ಬರದೆ ಇನ್ನೊಮ್ಮೆ ಹಾಕಿದೆ.

ಬಿಡಿ ಎಳೆ ತೀರಾ ತೆಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾದುಬಿಡುತ್ತದೆ, ಸುತ್ತ ಬೇಕಾದಷ್ಟು ಗಾಳಿಯೂ ಇರುತ್ತದೆ. ಜಡೆಯೊಳಗಿನ ಎಳೆಗೆ ಎರಡೂ ಇಲ್ಲ. ಹೊರಗಿನ ನಾಲ್ಕು ಎಳೆ ಸುಟ್ಟು ಕರಿ ಕಟ್ಟುತ್ತವೆ, ಒಳಗಿನವು ಬೆಚ್ಚಗಾಗುವುದರೊಳಗೆ ಉಂಡೆ ದಾಟಿ ಹೋಗಿರುತ್ತದೆ. ಹರಡಿದ ಹುಲ್ಲಿಗೂ ಬಿಗಿಯಾಗಿ ಹೊಸೆದ ಹುಲ್ಲು ಹಗ್ಗಕ್ಕೂ ಇರುವ ವ್ಯತ್ಯಾಸ ಇದೇ. ಕೂದಲು ಉರಿಯುತ್ತದೆ ಅನ್ನುತ್ತೇವೆ. ಉರಿಸುವುದು ಎಳೆಗಳ ನಡುವಿನ ಗಾಳಿ.

ಇದನ್ನೆಲ್ಲ ಬಾಯಿ ತುಂಬ ಹೇಳಿದಾಗ ನಮ್ಮ ಅವ್ವ ತಲೆ ಎತ್ತಲಿಲ್ಲ. "ಮಂಡಕ್ಕಿ ಭಟ್ಟಿಗೆ ಹೋಗೋರು ತುರುಬು ಕಟ್ಟಿ ಮೇಲೊಂದು ಬಟ್ಟೆ ಸುತ್ಕೊಂಡೇ ಹೋಗೋದು. ಅವರಿಗೆ ಯಾರು ಲೆಕ್ಕ ಹೇಳ್ಕೊಟ್ಟರು?" ಅಂದಳು. ನಿಜವೇ. ಕಾದ ಮರಳು, ಕೆಳಗೆ ಉರಿ, ಪಕ್ಕದಲ್ಲಿ ಹೊಟ್ಟಿನ ರಾಶಿ. ಅಲ್ಲಿ ಕೂದಲು ಬಿಟ್ಟುಕೊಂಡು ನಿಂತವರನ್ನು ನಾನಂತೂ ನೋಡಿಲ್ಲ.

ಹಾಗಂತ ಜಡೆ ಹೆಣೆದು ಬೆನ್ನ ಮೇಲೆ ಬಿಟ್ಟರೆ ಮುಗಿಯಲಿಲ್ಲ. ಕುಣಿಯುವವಳು ಗಿರ್ರನೆ ತಿರುಗುತ್ತಾಳಲ್ಲ. ಸೆಕೆಂಡಿಗೆ ಒಂದು ಸುತ್ತು, ಜಡೆಯ ತುದಿ ಮೈಯ ನಡುಗೆರೆಯಿಂದ 40 ಸೆಂಟಿಮೀಟರ್ ಆಚೆ ಅಂದುಕೊಳ್ಳಿ. ತುದಿ ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿ ಓಡುತ್ತದೆ. ಹೊರಕ್ಕೆ ಎಳೆದಂತಾಗುವ ಜೋರು ಭೂಮಿಯ ಎಳೆತದ ಒಂದೂವರೆ ಪಟ್ಟಿಗಿಂತ ಜಾಸ್ತಿ. ಜಾತ್ರೆಯಲ್ಲಿ ಗಿರಗಿರನೆ ಸುತ್ತುವ ಸರಪಳಿ ಕುರ್ಚಿಯ ಹಾಗೆ ಜಡೆ ಮೇಲೆದ್ದು, ಉಂಡೆಗಳು ಓಡಾಡುವ ದಾರಿಗೇ ಬರುತ್ತದೆ. ಇನ್ನೂ ಕೆಟ್ಟದ್ದು ತಟ್ಟನೆ ನಿಂತಾಗ. ಮೈ ನಿಲ್ಲುತ್ತದೆ, ಜಡೆ ನಿಲ್ಲುವುದಿಲ್ಲ. ಭುಜ ಸುತ್ತಿ ಮುಂದೆ, ಕೈಗಳ ಹತ್ತಿರಕ್ಕೆ ಬರುತ್ತದೆ. ಸರಪಳಿಗೆ ಸಿಕ್ಕಿಕೊಂಡರಂತೂ ಕಥೆ ಬೇರೆ. ಆದ್ದರಿಂದ ಜಡೆ ಹೆಣೆದು, ಸುತ್ತಿ, ಕತ್ತಿನ ಮೇಲ್ಗಡೆ ತಲೆಗೆ ಅಂಟಿದಂತೆ ತುರುಬು ಕಟ್ಟುವುದೇ ಸರಿ. ನೆತ್ತಿಯ ಮೇಲೆ ಗೋಪುರ ಕಟ್ಟಬಾರದು. ತಲೆಯ ಮೇಲೆ ಉಂಡೆ ತಿರುಗಿಸುವ ವರಸೆಗಳು ಬೇಕಾದಷ್ಟಿವೆ.

ಅವ್ವನ ಇನ್ನೊಂದು ಸಲಹೆ "ಚೆನ್ನಾಗಿ ಎಣ್ಣೆ ಹಚ್ಚಿ ಹೆಣಿ" ಅನ್ನುವುದು. ಇದರಲ್ಲಿ ಅರ್ಧ ಮಾತ್ರ ಒಪ್ಪಿಕೊಂಡೆವು. ಬಟ್ಟಲಲ್ಲಿರುವ ಕೊಬ್ಬರಿ ಎಣ್ಣೆಗೆ ಕಡ್ಡಿ ಗೀರಿ ತೋರಿಸಿದರೆ ಅದು ಹೊತ್ತುವುದಿಲ್ಲ. ಅದೇ ಎಣ್ಣೆ ಬತ್ತಿಗೆ ಏರಿದರೆ ರಾತ್ರಿಯಿಡೀ ಉರಿಯುತ್ತದೆ. ತೆಳು ಎಳೆಯ ಮೇಲೆ ತೆಳುವಾಗಿ ಹರಡಿದ ಎಣ್ಣೆ ಬೇಗ ಕಾದು ಆವಿಯಾಗುತ್ತದೆ, ಆ ಆವಿ ಉರಿಯುತ್ತದೆ. ಎಣ್ಣೆ ಹಚ್ಚಿದ ಕೂದಲು ಬತ್ತಿಯ ಕೆಲಸ ಮಾಡಬಲ್ಲದು. ಹಾಗಾಗಿ ಕುಣಿಯುವ ಹಿಂದಿನ ದಿನ ತಲೆಗೆ ಸ್ನಾನ, ಆಮೇಲೆ ಏನೂ ಹಚ್ಚುವಂತಿಲ್ಲ.

ಹೇರ್ ಸ್ಪ್ರೇ ಇದಕ್ಕಿಂತ ಎಷ್ಟೋ ಪಾಲು ಅಪಾಯ. ಹೆಚ್ಚಿನ ಡಬ್ಬಿಗಳಲ್ಲಿರುವುದು ಆಲ್ಕೋಹಾಲು, ಅದನ್ನು ಹೊರದೂಡಲು ಅಡುಗೆ ಗ್ಯಾಸಿನ ಜಾತಿಯದೇ ಅನಿಲ. ಆಲ್ಕೋಹಾಲಿನ ಆವಿ ಕಿಡಿ ತಾಗಿದರೆ ಹೊತ್ತಲು 15 ಡಿಗ್ರಿಯ ಆಸುಪಾಸು ಸಾಕು. ನಮ್ಮೂರಲ್ಲಿ ಚಳಿಗಾಲದ ಬೆಳಗಿನ ಜಾವವೂ ಅದರ ಸುತ್ತಮುತ್ತಲೇ ಇರುತ್ತದೆ. ಸೀಮೆಎಣ್ಣೆಗೆ ಈ ಗಡಿ 38 ಡಿಗ್ರಿಯ ಹತ್ತಿರ. ಅದೇನು ದೊಡ್ಡದೇ? ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಹೆಚ್ಚುಕಡಿಮೆ ಅಲ್ಲಿಗೇ ಮುಟ್ಟುತ್ತದೆ. ಪೆಟ್ರೋಲಿನದು ಸೊನ್ನೆಗಿಂತ ಎಷ್ಟೋ ಕೆಳಗೆ, ಅದರ ಸುದ್ದಿಯೇ ಬೇಡ.

ನಿಜವಾದ ಕಿಡಿಗೇಡಿ ಇನ್ನೊಂದಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ಉಂಡೆಯನ್ನು ಹಾಗೇ ಹಚ್ಚಿ ಬೀಸಿದರೆ, ಹೆಚ್ಚಾದ ಎಣ್ಣೆ ಹನಿಹನಿಯಾಗಿ ಚಿಮ್ಮುತ್ತದೆ, ಉರಿಯುತ್ತಲೇ. ನಮ್ಮ ಹುಡುಗಿಯ ಗುಂಪು ಉಂಡೆಗಳನ್ನು ಮೊದಲು ಮುಚ್ಚಿದ ಡಬ್ಬಿಯೊಳಗೆ ಕೊಡವಿ, ತೊಟ್ಟಿಕ್ಕುವುದು ನಿಂತ ಮೇಲೆ ಹಚ್ಚುತ್ತಿತ್ತು. ಎಣ್ಣೆ ಮುಟ್ಟಿದ ಕೈಯಲ್ಲಿ ಹಣೆಯ ಕೂದಲು ಸರಿ ಮಾಡಿಕೊಳ್ಳುವ ಅಭ್ಯಾಸವನ್ನೂ ಬಿಡಿಸಬೇಕಾಯಿತು. ಅದಕ್ಕೇ ಒಂದು ವಾರ ಹಿಡಿಯಿತು! ಅವರ ಉಂಡೆಗಳು ಕೆವ್ಲಾರ್ ಪಟ್ಟಿಯವು. ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ 1965ರಲ್ಲಿ ಕಂಡುಹಿಡಿದ ನಾರು, ಗುಂಡು ತಡೆಯುವ ಅಂಗಿಗೂ ಇದೇ ಬಳಸುವುದು. ಬೆಂಕಿಗೆ ಕರಗುವುದಿಲ್ಲ. ಹಳೆ ಬಟ್ಟೆ ಸುತ್ತಿದ ಪಂಜಿನಿಂದ ಉದುರುವಂತೆ ಕೆಂಡದ ಚೂರುಗಳು ಇದರಿಂದ ಸುಲಭವಾಗಿ ಉದುರುವುದಿಲ್ಲ.

ಇನ್ನು ಅಲಂಕಾರ. ಅವಳಿಗೆ ಬೇಕಾಗಿದ್ದದ್ದು ಇದೇ, ನಾನು ಸುತ್ತಿ ಬಳಸಿ ಬಂದೆ. ಜವಳಿ ಅಂಗಡಿಯ ಪರೀಕ್ಷೆಯನ್ನೇ ತಲೆಯ ಮೇಲಿನ ಒಂದೊಂದು ವಸ್ತುವಿಗೂ ಹಾಕಿದೆವು. ಚೌರಿ ನೈಲಾನಿನದು. ನೈಲಾನು ಜಾತಿಗೆ ತಕ್ಕಂತೆ 220ರಿಂದ 260 ಡಿಗ್ರಿಯಲ್ಲಿ ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟಿದರೆ ಬಿಡಿಸಲಾಗದು. ಅದು ಪೆಟ್ಟಿಗೆಗೆ ಹೋಯಿತು. ಜಡೆ ಕುಚ್ಚು ನೋಡಲು ಎಷ್ಟು ಚಂದ, ಆದರೆ ಅದು ಬಿಡಿಬಿಡಿ ಎಳೆಗಳ ಗೊಂಚಲು, ಜಡೆ ಹೆಣೆದು ಕಳೆದುಕೊಂಡ ಅಪಾಯವನ್ನು ತುದಿಯಲ್ಲಿ ಮತ್ತೆ ಕಟ್ಟಿದಂತೆ. ಅದೂ ಹೋಯಿತು. ಪ್ಲಾಸ್ಟಿಕ್ ಕ್ಲಿಪ್ಪು, ಬಟ್ಟೆ ಹೂವು, ಮಿನುಗು ರಿಬ್ಬನ್ನು ಎಲ್ಲ ಹೋದವು.

ಉಳಿದದ್ದು ಕಡಿಮೆಯೇನಲ್ಲ. ಐದೆಳೆಯ ಜಡೆ ಹೆಣೆದು ಸುತ್ತಿದರೆ ತುರುಬಿನ ಮೇಲೆ ಬುಟ್ಟಿ ಹೆಣಿಗೆಯ ವಿನ್ಯಾಸ ತಾನೇ ಮೂಡುತ್ತದೆ. ಅವ್ವನ ಬೆಳ್ಳಿ ಜಡೆಬಿಲ್ಲೆ ಇತ್ತು. ಲೋಹ ಉರಿಯುವುದಿಲ್ಲ, ಆದರೆ ಕಾದರೆ ಸುಡುತ್ತದೆ, ಅದಕ್ಕೆ ನೆತ್ತಿಯ ಚರ್ಮಕ್ಕೆ ತಾಗದಂತೆ ತುರುಬಿಗೆ ಮಾತ್ರ ಸಿಕ್ಕಿಸಿದೆವು. ಮಲ್ಲಿಗೆ ಮುಡಿಯಬಹುದಾ ಅಂದಳು. ಹಸಿ ಹೂವಿನ ತೂಕದ ಬಹುಪಾಲು ನೀರೇ, ಆ ನೀರು ಆವಿಯಾಗುವವರೆಗೆ ಹೂವು ಹೊತ್ತುವುದಿಲ್ಲ. ಒಂದು ಸುತ್ತು, ಬಿಗಿಯಾಗಿ, ಇಳಿಬಿಡದೆ ಅಂತ ಒಪ್ಪಂದವಾಯಿತು. ಅದೂ ವೇದಿಕೆಯ ಮೆರವಣಿಗೆಗೆ ಮಾತ್ರ. ಬೆಂಕಿ ಹಚ್ಚುವ ಹೊತ್ತಿಗೆ ಎಲ್ಲದರ ಮೇಲೆ ಒದ್ದೆ ಮಾಡಿ ಹಿಂಡಿದ ದಪ್ಪ ಹತ್ತಿ ವಸ್ತ್ರ. ಇಳಕಲ್ ಕೆಂಪಿನದು, ಚೆನ್ನಾಗೇ ಒಪ್ಪುತ್ತಿತ್ತು. ಹತ್ತಿ ಬೇಗ ಹೊತ್ತುತ್ತದೆ ಅಂತ ಈಗಷ್ಟೇ ಹೇಳಿದೆ, ಮತ್ತೆ ಹತ್ತಿಯೇ ಯಾಕೆ ಅನ್ನಬಹುದು. ಅದು ಕರಗಿ ಮೈಗೆ ಅಂಟುವುದಿಲ್ಲ, ತಲೆಗೆ ಬಿಗಿಯಾಗಿ ಕಟ್ಟಿದರೆ ಒಳಗೆ ಗಾಳಿ ಆಡುವುದಿಲ್ಲ, ಒದ್ದೆ ಇರುವಷ್ಟು ಹೊತ್ತು ಹೊತ್ತುವುದೂ ಇಲ್ಲ. ಒಂದು ಗ್ರಾಂ ನೀರು ಆವಿಯಾಗಲು ಬೇಕಾದ ಶಾಖದಲ್ಲಿ ಐದು ಗ್ರಾಂ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಷ್ಟು ಶಾಖವನ್ನು ಬಟ್ಟೆ ಸುಮ್ಮನೆ ನುಂಗಿಕೊಳ್ಳುತ್ತದೆ.

ಮೂರು ತಿಂಗಳು ಬೆಂಕಿಯಿಲ್ಲದೆ, ಕಾಲುಚೀಲದಲ್ಲಿ ಟೆನಿಸ್ ಚೆಂಡು ಹಾಕಿಕೊಂಡು ತಾರಸಿಯಲ್ಲಿ ಬೀಸಿದಳು. ಆ ಚೆಂಡು ತುರುಬಿಗೆ ಬಡಿದಾಗಲೆಲ್ಲ ಒಂದು ಗೀಟು ಹಾಕಿಡುತ್ತಿದ್ದೆ. ಗೀಟು ಬೀಳುವುದು ನಿಂತ ಮೇಲೆಯೇ ಬೆಂಕಿ.

ಕಾರ್ಯಕ್ರಮದ ಸಂಜೆ ಗಾಳಿ ಇತ್ತು. ಚಿತ್ರದುರ್ಗದ ಗಾಳಿಯ ಬಗ್ಗೆ ಹೇಳಬೇಕಾಗಿಲ್ಲ, ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಂತಿರುವುದು ಸುಮ್ನೆ ಅಲ್ಲ. ಗಾಳಿಗೆ ಮುಖ ಕೊಟ್ಟು ನಿಂತರೆ ಉರಿ ಮುಖದ ಕಡೆ ಬಾಗುತ್ತದೆ, ಬೆನ್ನು ಕೊಟ್ಟರೆ ಬಿಡಿ ಕೂದಲು ಮುಂದಕ್ಕೆ ಹಾರುತ್ತದೆ. ಪಕ್ಕಕ್ಕೆ ತಿರುಗಿ ನಿಂತಳು. ವೇದಿಕೆಯ ಅಂಚಿನಲ್ಲಿ ನನಗೊಂದು ಕೆಲಸ ಕೊಟ್ಟಿದ್ದರು. ಚಳ್ಳಕೆರೆಯ ಕರಿ ಕಂಬಳಿ ಹಿಡಿದು ನಿಲ್ಲುವುದು. ಏನಾದರೂ ಆದರೆ ಅವಳು ಓಡಬಾರದು, ಕೈ ಬಡಿಯಬಾರದು, ಕೂರಬೇಕು, ನಾನು ಕಂಬಳಿ ಮುಚ್ಚಿ ಒತ್ತಬೇಕು. ಆಮೇಲೆ ಇಪ್ಪತ್ತು ನಿಮಿಷ ಹರಿಯುವ ನೀರು, ಆಸ್ಪತ್ರೆ. ಸುಟ್ಟ ಜಾಗಕ್ಕೆ ಬೆಣ್ಣೆ ಸವರುವವರು ಈಗಲೂ ಇದ್ದಾರೆ. ಬೆಣ್ಣೆ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಅದು ದೋಸೆಗಿರಲಿ. ಕಂಬಳಿಯೂ ಕೆರಾಟಿನ್, ತುರುಬೂ ಕೆರಾಟಿನ್, ಒಂದನ್ನು ಕಾಯಲು ಇನ್ನೊಂದು ಅಂತ ನಾನು ಅಕ್ಕನಿಗೆ ಹೇಳಲು ಹೋದೆ. ಅವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು.

ನಾಲ್ಕು ನಿಮಿಷದಲ್ಲಿ ಮುಗಿಯಿತು. ಕಂಬಳಿ ಮಡಿಕೆ ಬಿಚ್ಚಲಿಲ್ಲ. ಮಗಳು ವಸ್ತ್ರ ತೆಗೆದು, ತುರುಬು ಬಿಚ್ಚಿ ತಲೆ ಕೊಡವಿದಳು. ಹಣೆಯ ಮೇಲೆ, ವಸ್ತ್ರದಿಂದ ಹೊರಗಿಣುಕಿದ್ದ ಎರಡು ಮರಿಗೂದಲು ಸುರುಳಿ ಸುತ್ತಿದ್ದವು. ಬೆರಳಿಗೆ ತುದಿಯಲ್ಲಿ ಸಣ್ಣ ಕರಿಗುಂಡು ಸಿಕ್ಕಿತು. ಅಕ್ಕ ಅದನ್ನು ಕಿತ್ತು ಮೂಗಿನ ಹತ್ತಿರ ಹಿಡಿದಳು.

"ಅಪ್ಪಟ ರೇಷ್ಮೆ" ಅಂದಳು.