ವಿಂಡೋಸ್ 11ಕ್ಕೆ ಬಂದ ಮೇಲೆ ಲ್ಯಾಪ್‌ಟಾಪ್ ಪದೇಪದೇ ನಿಲ್ಲುತ್ತಿದೆ: ಫಾರ್ಮ್ಯಾಟ್ ಮಾಡಿಸಲೇಬೇಕೇ?

ಪ್ರಶ್ನೆ: ಆರು ದಿನಗಳ ಹಿಂದೆ ನನ್ನ ಲ್ಯಾಪ್‌ಟಾಪನ್ನು ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ಅಂದಿನಿಂದ ದಿನಕ್ಕೆ ಎರಡು ಮೂರು ಬಾರಿ ಕೆಲಸದ ನಡುವೆಯೇ ನಿಂತು, ಪರದೆಯ ಮೇಲೆ ಏನೋ ಸಂದೇಶ ಬಂದು, ಓದುವಷ್ಟರಲ್ಲಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲವೆಂದು ರಿಪೇರಿ ಅಂಗಡಿಯವರು ಹೇಳುತ್ತಾರೆ. ನಿಜವೇ?

ಉತ್ತರ: ಬೇರೆ ದಾರಿಗಳಿವೆ. ಅವುಗಳಲ್ಲಿ ಒಂದಕ್ಕೆ ಗಡುವು ಇರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ. ಅಪ್‌ಗ್ರೇಡ್ ಆದ ಮೇಲೆ ಸಾಮಾನ್ಯವಾಗಿ 10 ದಿನಗಳವರೆಗೆ ಹಳೆಯ ವಿಂಡೋಸ್ ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್‌ನೊಳಗೆ ಉಳಿದಿರುತ್ತದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ರಿಕವರಿ ತೆರೆದು ‘ಗೋ ಬ್ಯಾಕ್’ ಒತ್ತಿದರೆ ನಿಮ್ಮ ಕಡತಗಳೊಂದಿಗೇ ಹಿಂದಿರುಗಬಹುದು. ಅಪ್‌ಗ್ರೇಡ್ ನಂತರ ಹಾಕಿಕೊಂಡ ತಂತ್ರಾಂಶಗಳು ಮಾತ್ರ ಉಳಿಯುವುದಿಲ್ಲ. ಜಾಗ ಉಳಿಸಲೆಂದು ಡಿಸ್ಕ್ ಕ್ಲೀನಪ್ ಮಾಡಿ ಆ ಫೋಲ್ಡರನ್ನು ಅಳಿಸಿದ್ದರೆ ಈ ಅವಕಾಶ ಮುಗಿದಂತೆಯೇ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ, ಹಿಂದಿರುಗುವುದನ್ನು ಉಸಿರಾಡಲು ಸಿಕ್ಕ ಸಮಯವೆಂದು ಮಾತ್ರ ತಿಳಿಯಬೇಕು.

ಫಾರ್ಮ್ಯಾಟ್ ಸಲಹೆಯನ್ನು ನಾನು ಅಷ್ಟು ಬೇಗ ಒಪ್ಪದಿರಲು ಕಾರಣವಿದೆ. ಒಂದು ಸಾಮಾನ್ಯ ತಂತ್ರಾಂಶ ತಪ್ಪು ಮಾಡಿದರೆ ಅದೊಂದೇ ಮುಚ್ಚಿಹೋಗುತ್ತದೆ, ಉಳಿದವು ನಡೆಯುತ್ತಿರುತ್ತವೆ. ಡಿಸ್‌ಪ್ಲೇ, ವೈಫೈ, ಡಿಸ್ಕ್ ಮುಂತಾದ ಭಾಗಗಳನ್ನು ನಡೆಸುವ ಡ್ರೈವರ್‌ಗಳಲ್ಲಿ ಹೆಚ್ಚಿನವು ಕಾರ್ಯಾಚರಣಾ ವ್ಯವಸ್ಥೆಯ ಒಳಮನೆಯಾದ ಕರ್ನಲ್‌ನಲ್ಲಿಯೇ ಕೆಲಸ ಮಾಡುತ್ತವೆ. ಅಲ್ಲಿ ಒಂದು ಡ್ರೈವರ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿದರೂ, ದತ್ತಾಂಶ ಕೆಡದಿರಲೆಂದು ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ನೀವು ಕಂಡ ಸಂದೇಶ ಅದರದ್ದೇ. (ಬಹುಕಾಲ ನೀಲಿಯಾಗಿದ್ದ ಈ ಪರದೆಗೆ 2025ರಲ್ಲಿ ಕಪ್ಪು ಬಣ್ಣ ಬಂದಿದೆ, ಬಣ್ಣ ಬದಲಾದರೂ ಅರ್ಥ ಅದೇ.)

2024ರ ಅಕ್ಟೋಬರ್‌ನಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ನಡೆದದ್ದನ್ನು ನೋಡಿ. ವೆಸ್ಟರ್ನ್ ಡಿಜಿಟಲ್ ಕಂಪನಿಯ ಎಸ್‌ಎನ್770 ಮತ್ತು ಎಸ್‌ಎನ್580 ಮಾದರಿಯ ಕೆಲವು ಎಸ್‌ಎಸ್‌ಡಿಗಳಿದ್ದ ಕಂಪ್ಯೂಟರ್‌ಗಳು ಪದೇಪದೇ ನೀಲಿ ಪರದೆ ತೋರಿಸತೊಡಗಿದವು. ಸ್ವಂತ ಮೆಮೊರಿ ಚಿಪ್ ಇಲ್ಲದ ಈ ಡಿಸ್ಕ್‌ಗಳು ಕಂಪ್ಯೂಟರಿನ ರ‍್ಯಾಮ್‌ನಿಂದಲೇ ಸ್ವಲ್ಪ ಜಾಗ ಕಡ ಪಡೆಯುತ್ತವೆ. ಹಿಂದಿನ ಆವೃತ್ತಿಗಳಲ್ಲಿ 64 ಎಂಬಿ ಮಾತ್ರ ಸಿಗುತ್ತಿದ್ದ ಜಾಗಕ್ಕೆ ಹೊಸ ಆವೃತ್ತಿ ಅವು ಕೇಳಿದಷ್ಟೂ, ಅಂದರೆ 200 ಎಂಬಿ, ಕೊಟ್ಟಿತು. ಅಷ್ಟನ್ನು ನಿಭಾಯಿಸಲು ಡಿಸ್ಕಿನ ಫರ್ಮ್‌ವೇರ್‌ಗೆ, ಅಂದರೆ ಡಿಸ್ಕಿನೊಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶಕ್ಕೆ, ಆಗಲಿಲ್ಲ. ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟ ಮೇಲೆ ತೊಂದರೆ ನೀಗಿತು. ಆ ಯಂತ್ರಗಳನ್ನು ಹತ್ತು ಸಲ ಫಾರ್ಮ್ಯಾಟ್ ಮಾಡಿ ಅದೇ ಆವೃತ್ತಿಯನ್ನು ಹಾಕಿದ್ದರೂ ಅದೇ ತೊಂದರೆ ಮರಳಿ ಬರುತ್ತಿತ್ತು.

ಹಾಗಾಗಿ ನಿಮ್ಮ ಯಂತ್ರವನ್ನು ನಿಲ್ಲಿಸುತ್ತಿರುವುದು ಯಾವುದು ಎಂಬುದನ್ನು ಮೊದಲು ಪತ್ತೆ ಹಚ್ಚಬೇಕು. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ತೆರೆದು, ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆಯ ಗುರುತನ್ನು ತೆಗೆದರೆ, ಮುಂದಿನ ಬಾರಿ ಸಂದೇಶ ಪರದೆಯ ಮೇಲೆಯೇ ನಿಂತಿರುತ್ತದೆ. ಅದರಲ್ಲಿರುವ ಸ್ಟಾಪ್ ಕೋಡನ್ನೂ (ಯಂತ್ರ ನಿಂತ ಕಾರಣದ ಗುರುತು), ಕೆಲವೊಮ್ಮೆ ಜೊತೆಗೆ ಕಾಣುವ, ‘ಡಾಟ್ ಸಿಸ್’ ಎಂದು ಕೊನೆಗೊಳ್ಳುವ ಕಡತದ ಹೆಸರನ್ನೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಆ ಹೆಸರು ಅನೇಕ ವೇಳೆ ತಪ್ಪಿತಸ್ಥ ಡ್ರೈವರ್‌ನದ್ದೇ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ಸಿಗುವ ದಿನವಾರು ನಕ್ಷೆಯಲ್ಲಿ, ಮೊದಲ ಕೆಂಪು ಗುರುತಿನ ದಿನ ಯಾವ ಡ್ರೈವರ್ ಅಥವಾ ತಂತ್ರಾಂಶ ಬಂತು ಎಂಬುದೂ ತಿಳಿಯುತ್ತದೆ. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ಸಾಲನ್ನು ಕಂಡು ಚಾರ್ಜರ್ ಬದಲಿಸಿದವರಿದ್ದಾರೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂಬುದಕ್ಕಿಂತ ಹೆಚ್ಚಿನದನ್ನು ಆ ಸಾಲು ಹೇಳುವುದಿಲ್ಲ.

ಡ್ರೈವರ್ ಎಂದು ಗೊತ್ತಾದರೆ, ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಸಂಖ್ಯೆ ಕೊಟ್ಟು ವಿಂಡೋಸ್ 11ಕ್ಕೆಂದೇ ಇರುವ ಆವೃತ್ತಿಯನ್ನು ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್‌ಗಳನ್ನೂ ಒಂದೇ ಕ್ಲಿಕ್‌ನಲ್ಲಿ’ ಎನ್ನುವ ಉಚಿತ ತಂತ್ರಾಂಶಗಳ ಕಡೆ ಹೋಗಬೇಡಿ. ಹಳೆಯ ಆ್ಯಂಟಿವೈರಸ್ ಇದ್ದರೆ ತೆಗೆದುಹಾಕಿ ನೋಡಿ, ಏಕೆಂದರೆ ಅದೂ ಕರ್ನಲ್‌ನೊಳಗೆ ಡ್ರೈವರ್ ಇಟ್ಟುಕೊಂಡಿರುತ್ತದೆ. ಇಷ್ಟು ಮಾಡುವಷ್ಟು ಹೊತ್ತೂ ಯಂತ್ರ ನಡೆಯದಿದ್ದರೆ, ಶಿಫ್ಟ್ ಕೀಲಿ ಒತ್ತಿಹಿಡಿದು ರೀಸ್ಟಾರ್ಟ್ ಆಯ್ದು, ಅತ್ಯಗತ್ಯ ಡ್ರೈವರ್‌ಗಳಷ್ಟೇ ನಡೆಯುವ ಸೇಫ್ ಮೋಡ್‌ಗೆ ಹೋಗಿ. ಅದಕ್ಕೂ ಮುನ್ನ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀ ಇದೆಯೇ ಎಂದು ನೋಡಿ ಬರೆದಿಟ್ಟುಕೊಳ್ಳಿ. ಡಿಸ್ಕ್ ಗೂಢಲಿಪೀಕರಣಗೊಂಡಿದ್ದು ಕೀ ಇಲ್ಲದಿದ್ದರೆ, ಕಡತಗಳನ್ನು ಯಾರಿಂದಲೂ ತೆರೆಯಿಸಲಾಗದು.

ಸ್ಟಾಪ್ ಕೋಡ್ ಪ್ರತಿ ಸಲವೂ ಬೇರೆಬೇರೆಯಾಗಿದ್ದರೆ, ಅಥವಾ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ, ರ‍್ಯಾಮ್ ಮೇಲೆ ಸಂಶಯ ಪಡಬೇಕು. ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಅದನ್ನು ಪರೀಕ್ಷಿಸುತ್ತದೆ. ಮೊದಲಿನಿಂದ ಅಡಗಿದ್ದ ದೋಷ ಅಪ್‌ಗ್ರೇಡ್‌ನ ಹೊತ್ತಿಗೆ ಹೊರಬಿದ್ದಿರುವುದೂ ಸಾಧ್ಯ.

ಇಷ್ಟಾದರೂ ತೊಂದರೆ ನೀಗದಿದ್ದರೆ ಮಾತ್ರ, ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದು, ‘ಕೀಪ್ ಮೈ ಫೈಲ್ಸ್’ ಆಯ್ಕೆಯೊಂದಿಗೆ ರೀಸೆಟ್ ಮಾಡಿ. ಕಡತಗಳು ಉಳಿಯುತ್ತವೆ, ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳು ನಿಮ್ಮಲ್ಲಿದ್ದರೆ ಆ ಫಾಂಟ್‌ಗಳನ್ನೂ ತೆಗೆದಿಡಿ. ಅವಿಲ್ಲದಿದ್ದರೆ ಕನ್ನಡದ ಬದಲು ಅರ್ಥವಾಗದ ರೋಮನ್ ಅಕ್ಷರಗಳು ಕಾಣುತ್ತವೆ. ರೀಸೆಟ್ ಆದ ಮೇಲೂ ಯಂತ್ರ ನಿಂತರೆ ಅಂಗಡಿಗೆ ಹೋಗಿ, ಫೋನಿನಲ್ಲಿರುವ ಆ ಚಿತ್ರಗಳನ್ನು ಮುಂದಿಟ್ಟು, ರ‍್ಯಾಮ್ ಮತ್ತು ಡಿಸ್ಕನ್ನು ಪರೀಕ್ಷಿಸಿಕೊಡಿ ಎಂದು ಕೇಳಿ.