ಲಾರಿ ವೀಲ್ ನಟ್‌ಗೆ ಮನೇಲಿ ಮಾಡಿದ ಬಾಣ: ಏನ್ ತೋರ್ಸತ್ತೆ, ಏನ್ ತೋರ್ಸಲ್ಲ

ಕೆಲವು ಲಾರಿ, ಬಸ್ಸುಗಳ ವೀಲ್ ನಟ್ ಮೇಲೆ ಹಳದಿ ಪ್ಲಾಸ್ಟಿಕ್ ಬಾಣ ಇರತ್ತೆ ನೋಡಿ, ಎರಡೆರಡು ಬಾಣ ತುದಿಗೆ ತುದಿ ಮುಖ ಮಾಡಿ ಕೂತಿರ್ತವೆ. ನಟ್ ತಿರುಗಿದ್ರೆ ಬಾಣಾನೂ ತಿರುಗತ್ತೆ, ಜೋಡಿ ತಪ್ಪಿದ್ದು ದೂರದಿಂದ್ಲೇ ಕಾಣತ್ತೆ. ಹಳೇ ಪ್ಲಾಸ್ಟಿಕ್ ಡ್ರಮ್ ಕತ್ತರಿಸಿಯೋ 3ಡಿ ಪ್ರಿಂಟರಲ್ಲೋ ಇದನ್ನ ನಾವೇ ಮಾಡ್ಕೋಬಹುದು, ಏನೂ ಇಲ್ದಿದ್ರೆ ನಟ್‌ನಿಂದ ರಿಮ್‌ವರೆಗೆ ಪೇಂಟಲ್ಲಿ ಒಂದು ಗೆರೆ ಎಳೆದ್ರೂ ಆಯ್ತು. ಆದ್ರೆ ಚಕ್ರಕ್ಕೆ ಹಾಕೋ ಮುಂಚೆ ಟೆಸ್ಟ್ ಮಾಡ್ಲೇಬೇಕು.

ಮೊದಲು ನಟ್ ಕಥೆ. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಸಿಗೋದು 22 ಎಂಎಂ ಸ್ಟಡ್ (ನಟ್ ಕೂರೋ ಥ್ರೆಡ್ ಇರೋ ಕಬ್ಬಿಣದ ಕಡ್ಡಿ), ಚಕ್ರಕ್ಕೆ ಹತ್ತು. ಒಂದೊಂದಕ್ಕೂ ಸುಮಾರು 600 ನ್ಯೂಟನ್ ಮೀಟರ್ ಟೈಟ್ ಬೇಕು, ಅಂದ್ರೆ ಒಂದು ಮೀಟರ್ ಉದ್ದದ ಪಾನಾದ ತುದೀಲಿ 60 ಕೆಜಿ ತೂಕದ ಮನುಷ್ಯ ನಿಂತಷ್ಟು. ಹಾಗೆ ಟೈಟ್ ಮಾಡ್ದಾಗ ಸ್ಟಡ್ ರಬ್ಬರ್ ಥರ ಎಳೆದುಕೊಳ್ಳತ್ತೆ, ಹೆಚ್ಚುಕಮ್ಮಿ 14 ಟನ್ ಬಲದಲ್ಲಿ ರಿಮ್ಮನ್ನ ಚಕ್ರ ಕೂರೋ ನಡುಭಾಗವಾದ ಹಬ್‌ಗೆ ಒತ್ತಿ ಹಿಡಿಯತ್ತೆ, ಚಕ್ರ ನಿಂತಿರೋದೇ ಈ ಒತ್ತಡದಿಂದ. ಇಷ್ಟೆಲ್ಲಾ ಬಲಕ್ಕೆ ಸ್ಟಡ್ ಉದ್ದ ಆಗೋದು ಎಷ್ಟು ಅಂತ ಲೆಕ್ಕ ಹಾಕಿದ್ರೆ ಬರೀ 0.1 ಎಂಎಂ! ಥ್ರೆಡ್ ಪಿಚ್ 1.5 ಎಂಎಂ, ಅಂದ್ರೆ ನಟ್ ಒಂದು ಪೂರ್ತಿ ಸುತ್ತಿಗೆ ಸರಿಯೋದು ಅಷ್ಟು, ಹಾಗಾಗಿ ನಟ್ 25-30 ಡಿಗ್ರಿ ಹಿಂದಕ್ಕೆ ಬಂದ್ರೆ ಸಾಕು, ಅಂದ್ರೆ ಆರು ಮೂಲೆ ನಟ್‌ನ ಒಂದು ಮುಖದ ಅರ್ಧ, ಹಿಡಿತ ಹೆಚ್ಚುಕಡಿಮೆ ಪೂರ್ತಿ ಹೋಯ್ತು. ಬೋಲ್ಟ್‌ಗೆ ಅಡ್ಡಡ್ಡ ಅಲುಗಾಟ ಬಂದು ಜಾಯಿಂಟ್ ಜಾರೋಕೆ ಶುರು ಆದ್ರೆ ನಟ್ ತಾನಾಗೇ ಬಿಚ್ಕೊಳ್ಳತ್ತೆ ಅಂತ ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿಕೊಟ್ಟಿದ್ರು.

ಹಾಗಾದ್ರೆ ನಮ್ಮ ಬಾಣಕ್ಕೆ ಪರೀಕ್ಷೆ ಇದೇ, 30 ಡಿಗ್ರಿ ಕಾಣತ್ತಾ? ನಿಂತ ಗಾಡೀಲಿ ಚಕ್ರ ಜಾಕ್ ಮೇಲಿಟ್ಟು ಒಂದು ನಟ್ ಅಷ್ಟು ತಿರುಗಿಸಿ, ಯಾವ ನಟ್ ಅಂತ ಗೊತ್ತಿಲ್ದೇ ಇರೋ ಇನ್ನೊಬ್ಬರನ್ನ ಗಾಡಿ ಸುತ್ತ ನಡ್ಸಿ, ಅವರು ಹಿಡಿದ್ರೆ ಪಾಸ್. 33 ಎಂಎಂ ನಟ್ ಅಂಚಲ್ಲಿ ಪೇಂಟ್ ಗೆರೆ ಸರಿಯೋದು 8-9 ಎಂಎಂ ಮಾತ್ರ, ಕೆಸರು ಬಿದ್ರೆ ಅದೂ ಇಲ್ಲ. ನಟ್ ಮಧ್ಯದಿಂದ 50 ಎಂಎಂ ಉದ್ದದ ಬಾಣದ ತುದಿ 25 ಎಂಎಂ ಸರಿಯತ್ತೆ, ಜೋಡಿ ಬಾಣದಲ್ಲಿ ಎರಡೂ ನಟ್ ಬಿಚ್ಕೊಂಡ್ರೆ ತುದಿಗಳು ಒಂದು ಮೇಲಕ್ಕೆ ಒಂದು ಕೆಳಕ್ಕೆ ಹೋಗೋದ್ರಿಂದ ಅಂತರ ಡಬಲ್. ಉದ್ದ ಬಾಣಾನೇ ವಾಸಿ ಅಂತ ನನ್ನ ಅಭಿಪ್ರಾಯ.

ಆಮೇಲೆ ಹಿಡಿತ. ಬಾಣ ನಟ್ ಮೇಲೆ ಜಾರೋ ಹಾಗಿದ್ರೆ ಅದು ಇಲ್ಲದಿರೋದಕ್ಕಿಂತ ಅಪಾಯ, ನಟ್ ತಿರುಗಿದ್ರೂ ಬಾಣ ಎಲ್ಲಾ ಸರಿಯಿದೆ ಅಂತ್ಲೇ ತೋರಿಸ್ತಿರತ್ತೆ. ವಾಟರ್ ಸರ್ವಿಸ್ ಪ್ರೆಶರ್ ಹೊಡೆದು ನೋಡಿ, ಕೈಯಲ್ಲಿ ತಳ್ಳಿ ನೋಡಿ.

ಬಿಸಿ ಇನ್ನೊಂದು. ಶಿರಾಡಿ ಘಾಟ್ ಇಳಿದ ಲೋಡ್ ಗಾಡಿ ಹಬ್ ಮುಟ್ಟಿದೋರಿಗೆ ಹೇಳೋದೇ ಬೇಡ. 3ಡಿ ಪ್ರಿಂಟರ್‌ಗೆ ಎಲ್ರೂ ಹಾಕೋ ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗತ್ತೆ, ಪಿಇಟಿಜಿ 80ರ ಹತ್ರ, ಎಬಿಎಸ್ ನೂರರ ಆಸುಪಾಸು. ಕುದಿಯೋ ನೀರಲ್ಲಿ ಹತ್ತು ನಿಮಿಷ ಹಾಕಿ ತೆಗೆದ್ರೆ ಅರ್ಧ ಉತ್ತರ ಅಲ್ಲೇ ಸಿಗತ್ತೆ. ಅಂಗಡೀಲಿ ಸಿಗೋ ಬಾಣಗಳು ಬೇಕಂತ್ಲೇ ಸುಮಾರು 125 ಡಿಗ್ರಿಗೆ ಕರಗೋ ಥರ ಮಾಡಿರ್ತಾರೆ, ಕರಗಿದ್ರೆ ಬ್ರೇಕ್ ಹಿಡ್ಕೊಂಡಿದೆ ಇಲ್ಲ ಬೇರಿಂಗ್ ಹೋಗಿದೆ ಅಂತ ಸುಳಿವು. ಪಿಎಲ್‌ಎಯಿಂದ ಆ ಸುಳಿವು ಸಿಗಲ್ಲ, ಅದು ಸುಮ್ಸುಮ್ನೆ ಬಾಗತ್ತೆ.

ಈಗ ಮುಖ್ಯ ವಿಷ್ಯ. ಬಾಣ ತೋರ್ಸೋದು ನಟ್ ತಿರುಗಿದ್ದನ್ನ, ಲೂಸ್ ಆಗಿದ್ದನ್ನಲ್ಲ! ರಿಮ್‌ಗೂ ಹಬ್‌ಗೂ ಮಧ್ಯೆ ದಪ್ಪ ಪೇಂಟ್, ತುಕ್ಕು, ಮಣ್ಣು ಇದ್ರೆ ಗಾಡಿ ಓಡ್ತಾ ಓಡ್ತಾ ಅದು ಅದುಮಿ 0.02 ಎಂಎಂ ತೆಳುವಾದ್ರೂ ಹಿಡಿತದ ಐದನೇ ಒಂದು ಪಾಲು ಹೋಗತ್ತೆ, ನಟ್ ಮಾತ್ರ ಒಂಚೂರೂ ತಿರುಗಿರಲ್ಲ, ಬಾಣಗಳು ಚೆಂದಾಗಿ ಮುಖ ನೋಡ್ಕೊಂಡೇ ಇರ್ತವೆ. ಪಂಕ್ಚರ್ ಅಂಗಡೀಲಿ ಗನ್ನಲ್ಲಿ ಕಮ್ಮಿ ಟೈಟ್ ಮಾಡಿದ್ರೂ ಅಷ್ಟೇ, ಬಾಣಕ್ಕೆ ಗೊತ್ತಾಗಲ್ಲ. ಅದಕ್ಕೇ ಚಕ್ರ ಬಿಚ್ಚಿ ಹಾಕಿದ ಮೇಲೆ 50-100 ಕಿ.ಮೀ. ಒಳಗೆ ಟಾರ್ಕ್ ರೆಂಚಲ್ಲಿ (ಎಷ್ಟು ಟೈಟ್ ಅಂತ ಅಳೆಯೋ ಪಾನಾ) ಮತ್ತೆ ಟೈಟ್ ನೋಡ್ಬೇಕು, ಆಮೇಲೆ ಬಾಣ ತೆಗೆದು ಹೊಸದಾಗಿ ಜೋಡಿಸ್ಬೇಕು, ಪೇಂಟ್ ಆದ್ರೆ ಹಳೇ ಗೆರೆ ಥಿನ್ನರಲ್ಲಿ ಪೂರ್ತಿ ಒರೆಸಿಯೇ ಹೊಸದು ಎಳೀಬೇಕು.