ಲಾಠಿಗೆ ಸಂಬಳ ಕೊಡುವವರು ಯಾರು?

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಕಳವಾದರೆ ಕಳ್ಳನನ್ನು ಹುಡುಕುವ ಹೊಣೆ ಬಹುಮಟ್ಟಿಗೆ ಕಳೆದುಕೊಂಡವನದೇ ಆಗಿತ್ತು. ಕೈಯಲ್ಲಿ ಹಣವಿದ್ದವರು ಕಳ್ಳ ಹಿಡಿಯುವುದನ್ನೇ ಕಸುಬು ಮಾಡಿಕೊಂಡವರನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ದಾರಿಗಳ್ಳನನ್ನು ಹಿಡಿದು ಶಿಕ್ಷೆ ಕೊಡಿಸಿದರೆ ಸರ್ಕಾರವೂ 40 ಪೌಂಡ್ ಇನಾಮು ಕೊಡುತ್ತಿತ್ತು.

ಆ ಕಸುಬಿನ ದೊರೆ ಜೊನಾಥನ್ ವೈಲ್ಡ್. ಮಾಲು ಕಳೆದುಕೊಂಡವರು ಅವನ ಕಚೇರಿಗೆ ಬಂದು ವಿವರ ಬರೆಸುತ್ತಿದ್ದರು. ಹಣ ತೆತ್ತರೆ ಮಾಲು ಮರಳಿ ಸಿಗುತ್ತಿತ್ತು. ಕದ್ದವರೂ ಅವನ ಕೈಕೆಳಗಿನವರೇ! ತಿರುಗಿಬಿದ್ದ ಕಳ್ಳನನ್ನು ನೇಣಿಗೆ ಕಳಿಸಿ ಆ ಇನಾಮನ್ನೂ ಜೇಬಿಗಿಳಿಸುತ್ತಿದ್ದ. 1725ರಲ್ಲಿ ಅವನೇ ಗಲ್ಲಿಗೇರಿದ. ಕಳ್ಳತನ ನಿಂತರೆ ಹೊಟ್ಟೆಪಾಡೇ ನಿಲ್ಲುವವನಿಗೆ ಕಾವಲು ಒಪ್ಪಿಸಿದ್ದರ ಫಲವದು.

1798ರಲ್ಲಿ ಥೇಮ್ಸ್ ನದಿಯ ಬಂದರಿಗೆ ಪೊಲೀಸರು ಬಂದಾಗ ಖರ್ಚಿನ ಹೆಚ್ಚಿನ ಪಾಲನ್ನು ಹೊತ್ತವರು ವೆಸ್ಟ್ ಇಂಡೀಸ್ ದ್ವೀಪಗಳೊಡನೆ ವ್ಯಾಪಾರ ಮಾಡುತ್ತಿದ್ದ ವರ್ತಕರು. ಹಡಗಿನಿಂದ ಸರಕು ಇಳಿಸುವಾಗ ಚೆಲ್ಲಿದ್ದನ್ನು ಒಯ್ಯುವುದು ಕೂಲಿಗಳ ಪಾಲಿಗೆ ಹಳೆಯ ರೂಢಿ. ಹೊಸ ಪೊಲೀಸರ ಕಣ್ಣಿಗೆ ಅದು ಕಳವು. ಅದೇ ವರ್ಷ ಕಲ್ಲಿದ್ದಲು ಇಳಿಸುವವರು ರೊಚ್ಚಿಗೆದ್ದು ಪೊಲೀಸ್ ಕಚೇರಿಗೆ ಮುತ್ತಿಗೆ ಹಾಕಿದರು. 1800ರಲ್ಲಿ ಸರ್ಕಾರವೇ ಆ ಪಡೆಯನ್ನು ವಹಿಸಿಕೊಂಡಿತು. 1829ರಲ್ಲಿ ಬ್ರಿಟನ್ನಿನ ಗೃಹಮಂತ್ರಿ ರಾಬರ್ಟ್ ಪೀಲ್ ಕಟ್ಟಿದ ಲಂಡನ್ ಪೊಲೀಸರ ನೀಲಿ ಕೋಟಿನ ಕಾಲರಿನ ಮೇಲೆ ಸಂಖ್ಯೆಯಿತ್ತು. ಇದು ಸಣ್ಣ ವಿಷಯವೆಂದು ನನಗೆ ಅನಿಸುವುದಿಲ್ಲ: ಏಟು ತಿಂದವನು ಆ ಸಂಖ್ಯೆ ಹೇಳಿ ದೂರು ಕೊಡಬಹುದಾಗಿತ್ತು.

ಅಮೆರಿಕದ ಪೆನ್ಸಿಲ್ವೇನಿಯಾ ಬೇರೆ ದಾರಿ ಹಿಡಿಯಿತು. 1860ರ ದಶಕದಲ್ಲಿ ರೈಲ್ವೆ ಮತ್ತು ಗಣಿ ಕಂಪನಿಗಳಿಗೆ ತಮ್ಮದೇ ಪೊಲೀಸರನ್ನು ಇಟ್ಟುಕೊಳ್ಳಲು ಅದು ಅನುಮತಿ ಕೊಟ್ಟಿತು; ತಲೆಗೆ ಒಂದು ಡಾಲರ್ ಶುಲ್ಕ ಕಟ್ಟಿದರೆ ಕಂಪನಿಯ ಆಳಿಗೆ ಪೊಲೀಸ್ ಅಧಿಕಾರ. ಅದೇ ರಾಜ್ಯದ ಹೋಮ್‌ಸ್ಟೆಡ್‌ನಲ್ಲಿ 1892ರ ಜುಲೈ 6ರಂದು, ಮುಷ್ಕರ ನಡೆದಿದ್ದ ಕಾರ್ನೆಗಿ ಉಕ್ಕಿನ ಕಾರ್ಖಾನೆಗೆ ಪಿಂಕರ್ಟನ್ ಸಂಸ್ಥೆಯ ಸುಮಾರು 300 ಬಾಡಿಗೆ ಕಾವಲುಗಾರರು ದೋಣಿಗಳಲ್ಲಿ ಬಂದಿಳಿಯಲು ನೋಡಿದರು. ಗುಂಡು ಹಾರಿತು, ಎರಡೂ ಕಡೆ ಹೆಣ ಬಿದ್ದವು. ಮರುವರ್ಷ ಬಂದ ಕಾಯ್ದೆ ಅಂಥವರನ್ನು ಕೇಂದ್ರ ಸರ್ಕಾರ ನೇಮಿಸಿಕೊಳ್ಳಬಾರದೆಂದಿತು. ಕಂಪನಿಗಳ ಕೈ ಮಾತ್ರ ಕಟ್ಟಲಿಲ್ಲ.

ಸರ್ಕಾರಿ ಪೊಲೀಸರೂ ತಡವಾಗಿ ಬರುತ್ತಾರೆ, ಪಕ್ಷಪಾತ ಮಾಡುತ್ತಾರೆ, ಲಂಚ ತಿನ್ನುತ್ತಾರೆ. ಖಾಸಗಿ ಕಾವಲು ಬೆಳೆದದ್ದು ಆ ಕೊರತೆಯಿಂದಲೇ, ಇದನ್ನು ಒಪ್ಪಲೇಬೇಕು. ಗೇಟು ಕಾಯಲು ಆಳಿಟ್ಟುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಬಂಧಿಸುವ, ತನಿಖೆ ನಡೆಸುವ ಅಧಿಕಾರ ಹಣವಿದ್ದವರ ಕೈಸೇರಬಾರದು. ದಕ್ಷಿಣ ಆಫ್ರಿಕಾದಲ್ಲಿ ಇಂದು ಪೊಲೀಸರಿಗಿಂತ ಖಾಸಗಿ ಕಾವಲುಗಾರರೇ ಹೆಚ್ಚು. ಅಲ್ಲಿ ಚಂದಾ ಕಟ್ಟಿದ ಮನೆಯ ಅಲಾರಾಂ ಕೂಗಿದರೆ ಬಂದೂಕುಧಾರಿಗಳ ವಾಹನ ಧಾವಿಸುತ್ತದೆ. ಚಂದಾ ಕಟ್ಟಲಾಗದವರು ಪೊಲೀಸರ ದಾರಿ ಕಾಯುತ್ತಾರೆ.